ಗಂಟಲು ದಾಟಿದ ಮೇಲೆ

ಚಮಚ ಅಮ್ಮನ ತುಟಿಯ ಬಳಿ ನಿಂತಿತ್ತು. ಅದನ್ನು ಹಿಡಿದ ಮಗಳ ಮನಸ್ಸು ಮಾತ್ರ ಆಗಲೇ ಬಸ್ಸು ಹತ್ತಿ, ದೊಡ್ಡಾಸ್ಪತ್ರೆಯ ಮುಂದೆ ಇಳಿದು, ಮೆಟ್ಟಿಲೇರಿ, ಸಂದರ್ಶನದ ಕೋಣೆಯ ಬಾಗಿಲಲ್ಲಿ ನಿಂತು ಒಳಗೆ ಬರಬಹುದೇ ಎಂದು ಕೇಳುತ್ತಿತ್ತು. ಯಾಕೆ ಎಮರ್ಜೆನ್ಸಿಯೇ ಬೇಕು ಎಂದು ಅವರು ಕೇಳುತ್ತಾರೆ. ಕೇಳದೆ ಬಿಡುವುದಿಲ್ಲ. ಅದಕ್ಕೆಂದು ಚೊಕ್ಕ ಉತ್ತರವೊಂದನ್ನು ಅವಳು ಬಾಯಿಪಾಠ ಮಾಡಿಕೊಂಡಿದ್ದಳು. ನಡುವೆ ಎಲ್ಲೋ 'ಸೇವೆ' ಎಂಬ ಮಾತು ಬರುತ್ತಿತ್ತು, ಅದು ಬಂದ ಕೂಡಲೇ ತನ್ನ ದನಿ ತನಗೇ ಸುಳ್ಳೆನಿಸಿ ಮುಂದಿನದೆಲ್ಲ ಮರೆತುಹೋಗುತ್ತಿತ್ತು. ಬೇರೆ ಊರಿನ ಸಣ್ಣ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ಅವಳು ಡ್ಯೂಟಿ ಡಾಕ್ಟರು. ಅಲ್ಲಿ ಕೆಲಸ ಮಾಡುತ್ತಲೇ ಪರೀಕ್ಷೆ ಬರೆದು, ಎರಡು ಸಲ ಡುಮ್ಕಿ ಹೊಡೆದು, ಮೂರನೆಯ ಸಲ ಈ ಸಂದರ್ಶನದವರೆಗೆ ಬಂದಿದ್ದಳು. ಇವತ್ತು ಸೀಟು ಸಿಕ್ಕರೆ ತುರ್ತು ವೈದ್ಯಕೀಯದಲ್ಲೇ ಮುಂದಿನ ಓದು. ಇಲ್ಲವಾದರೆ ಅದೇ ಸಣ್ಣ ಆಸ್ಪತ್ರೆ, ಅದೇ ಸ್ಟೂಲು, ಪ್ರತಿ ಆರು ತಿಂಗಳಿಗೊಮ್ಮೆ ಕೆಲಸ ಇದೆಯೋ ಇಲ್ಲವೋ ಎಂದು ಆಫೀಸಿನವರ ಮುಖ ನೋಡುವುದು.

"ಅಮ್ಮ, ಬಾಯಿ ತೆಗಿ."

ಅಮ್ಮ ತೆಗೆದಳು. ಅರ್ಧವೇ ತೆಗೆದಳು. ಲಕ್ವ ಹೊಡೆದು ಎರಡು ವರ್ಷವಾಗಿತ್ತು. ಮುಖದ ಬಲಗಡೆಗೆ ಇನ್ನೂ ಮಗಳ ಗುರುತು ಸಿಗುತ್ತಿತ್ತು. ಎಡಗಡೆಯದು ಬಾಡಿಗೆಯವರು ಬಿಟ್ಟುಹೋದ ಮನೆಯ ಗೋಡೆಯ ಹಾಗೆ, ಮೊಳೆಯ ಗುರುತುಗಳನ್ನಷ್ಟೇ ಉಳಿಸಿಕೊಂಡು ಸುಮ್ಮನಿತ್ತು. ಹಾಲಿನಲ್ಲಿ ನೆನೆಸಿ ಮಿದ್ದಿದ ಬ್ರೆಡ್ಡು ಬಟ್ಟಲಲ್ಲಿತ್ತು. ಕಾಲ ಕೆಳಗೆ ನೆಲ ಬೆಚ್ಚಗಿತ್ತು. ಅಣ್ಣನ ಲಾಂಡ್ರಿ ಅಂಗಡಿ ಕೆಳಗೆ, ಮನೆ ಮೇಲೆ. ಬೆಳಿಗ್ಗೆ ಇಸ್ತ್ರಿ ಶುರುವಾಯಿತೆಂದರೆ ಈ ಕೋಣೆಯ ನೆಲ ಹಸುಳೆಯ ಮೈಯ ಹಾಗೆ ಬಿಸಿಯಾಗುತ್ತಿತ್ತು, ಹಬೆಯ ಜೊತೆ ಒದ್ದೆ ಹತ್ತಿಯ ವಾಸನೆ ಮೆಟ್ಟಿಲೇರಿ ಬರುತ್ತಿತ್ತು. ಆ ವಾಸನೆಗೆ ಅವಳಿಗೆ ಇಂದಿಗೂ ನಿದ್ದೆ ತೂಗುತ್ತದೆ. ಅಂಗಡಿ ಅಮ್ಮನದಾಗಿದ್ದಾಗ ಅವಳು ಇಸ್ತ್ರಿ ಮೇಜಿನ ಕೆಳಗೆ, ಮಡಚಿಟ್ಟ ಚಾದರಗಳ ನಡುವೆ ಮಲಗುತ್ತಿದ್ದಳು. ಮೇಲಿನಿಂದ ಅಮ್ಮ ಬಟ್ಟೆಗೆ ಚಿಮುಕಿಸುವ ನೀರಿನ ಒಂದೆರಡು ಹನಿ ಅವಳ ಕಾಲ ಮೇಲೂ ಬೀಳುತ್ತಿತ್ತು. ಅಮ್ಮ ನೀರು ಚಿಮುಕಿಸಿ ಕಾಯುತ್ತಿದ್ದಳು. ಏನಮ್ಮ ಕಾಯ್ತೀಯ ಎಂದು ಕೇಳಿದರೆ, ಬಟ್ಟೆ ನೀರು ಕುಡಿಯಲಿ ತಡಿ ಎನ್ನುತ್ತಿದ್ದಳು. ಮಗಳಿಗೋ ಕಾಯುವುದೆಂದರೆ ಮೈಯೆಲ್ಲ ಇರುವೆ. ಶಾಲೆಯಿಂದ ಓಡಿ ಬಂದು ಅಂಗಡಿಗೆ ನುಗ್ಗಿದರೆ ಅಮ್ಮ ಗಿರಾಕಿಗಳಿಗೆ, "ಗಾಳಿ ಬಂತು, ಬಟ್ಟೆ ಹಿಡ್ಕೊಳ್ಳಿ," ಎನ್ನುತ್ತಿದ್ದಳು. ಗಿರಾಕಿಗಳು ನಗುತ್ತಿದ್ದರು. ಹೆಸರು 'ಗಾಳಿ' ಎಂದೇ ನಿಂತಿತು.

ಈ ಹೊತ್ತಿನ ಕೆಲಸ ಅತ್ತಿಗೆಯದು. ಲಾಡ್ಜೊಂದರ ಚಾದರಗಳನ್ನು ಎಣಿಸಿ ಕಳಿಸಬೇಕಿತ್ತು, ಗಾಡಿಯವನು ಬಂದು ಹಾರ್ನ್ ಮಾಡುತ್ತಿದ್ದ, ಅದಕ್ಕೇ ಅತ್ತಿಗೆ ಬಟ್ಟಲನ್ನು ಅವಳ ಕೈಗಿಟ್ಟಿದ್ದಳು.

"ಅವಸರ ಮಾಡ್ಬೇಡ ಕಣೇ. ಒಂದು ತುತ್ತು ಇಳೀತು ಅಂತ ನೋಡ್ಕೊಂಡು ಆಮೇಲೆ ಇನ್ನೊಂದು. ಕೆನ್ನೇಲೇ ಇಟ್ಕೊಂಡ್ಬಿಡ್ತಾರೆ."

"ಅತ್ತಿಗೆ, ನಾನು ಡಾಕ್ಟ್ರು."

"ಅದಕ್ಕೇ ಹೇಳಿದ್ದು," ಎಂದು ನಕ್ಕು ಅತ್ತಿಗೆ ಇಳಿದುಹೋಗಿದ್ದಳು.

ಒಂದು ಚಮಚ. ಅಮ್ಮನ ದವಡೆ ಆಡಿತು, ನಿಂತಿತು, ಮತ್ತೆ ಏನೋ ನೆನಪಾದಂತೆ ಆಡಿತು. ಗೋಡೆಯ ಮೇಲೆ ಗಡಿಯಾರ. ಬಸ್ಸು ತಪ್ಪಿದರೆ ಮುಂದಿನದಕ್ಕೆ ಜನ ಜಾಸ್ತಿ. ನಿಂತು ಹೋದರೆ ಸೀರೆ ಮುದುರುತ್ತದೆ. ಮುದುರಿದ ಸೀರೆಯಲ್ಲಿ ಲಾಂಡ್ರಿಯವರ ಮಗಳು. ಇನ್ನೊಂದು ಚಮಚ. ಸೇವೆ ಎಂಬ ಪದದ ಬದಲು ಬೇರೇನು ಹೇಳಬಹುದು. ನನಗೆ ವೇಗ ಇಷ್ಟ ಎಂದರೆ ತಪ್ಪಾದೀತೇ. ಇನ್ನೊಂದು. ಚಮಚಕ್ಕೆ ಏನೋ ಅಡ್ಡ ಸಿಕ್ಕಿತು. ಕೆನ್ನೆಯೊಳಗೆ ಹಳೆಯ ತುತ್ತು ಹಾಗೇ ಕೂತಿದೆ ಎಂಬುದು ಕೈಗೆ ತಿಳಿಯಿತು. ಕೈಗೆ ತಿಳಿದದ್ದು ತಲೆಗೆ ತಲುಪುವಷ್ಟರಲ್ಲಿ ಚಮಚ ಖಾಲಿಯಾಗಿತ್ತು.

ಅಮ್ಮ ಕೆಮ್ಮಲಿಲ್ಲ. ಕೆಮ್ಮಿದ್ದರೆ ಒಳ್ಳೆಯದಿತ್ತು. ಅವಳ ಬಲಗಣ್ಣು ದೊಡ್ಡದಾಯಿತು, ತುಟಿ ನೀಲಿಗೆ ತಿರುಗಿತು, ಸದ್ದೇ ಇರಲಿಲ್ಲ. ಆಗ ಮಗಳು ಮಾಯವಾಗಿ ಆ ಜಾಗದಲ್ಲಿ ಇನ್ಯಾರೋ ಬಂದು ನಿಂತರು. ಅವಳಿಗೆ ಬಲು ಪ್ರಿಯವಾದ ಇನ್ಯಾರೋ. ಬಟ್ಟಲು ನೆಲಕ್ಕೆ ಬಿತ್ತು. ಅಮ್ಮನನ್ನು ಮುಂದಕ್ಕೆ ಬಾಗಿಸಿ ತನ್ನ ಎಡಗೈ ಮೇಲೆ ತೂಗಿಸಿಕೊಂಡು ಬೆನ್ನ ನಡುವೆ ಅಂಗೈಯಿಂದ ಗುದ್ದಿದಳು. ಮತ್ತೊಮ್ಮೆ. ಮಗದೊಮ್ಮೆ. ಬ್ರೆಡ್ಡಿನ ಮುದ್ದೆ ಹೊರಬಂತು. ಕೆನ್ನೆಯಲ್ಲಿ ಉಳಿದದ್ದನ್ನು ಬೆರಳಿನಿಂದ ಬಾಚಿದಳು. ಅಮ್ಮ ಉಸಿರೆಳೆದು, ಕೆಮ್ಮಿ, ಮಗುವಿನ ಹಾಗೆ ಅತ್ತಳು. ಎಲ್ಲ ಅರೆಗಳಿಗೆ. ಆ ಅರೆಗಳಿಗೆಯಲ್ಲಿ ಅವಳಿಗೆ ಭಯವಾಗಲೀ ನೋವಾಗಲೀ ಆಗಲಿಲ್ಲ. ಒಂದು ತಿಳಿ ನೀರಿನಲ್ಲಿ ಕಣ್ಣು ಬಿಟ್ಟು ಈಜಿದ ಹಾಗಿತ್ತು. ದಡಕ್ಕೆ ಬಂದ ಮೇಲೆ, ಅಂದರೆ ಅಮ್ಮನ ತುಟಿ ಕೆಂಪಾದ ಮೇಲೆ, ಬಾಗಿಲಲ್ಲಿ ಅತ್ತಿಗೆ ನಿಂತಿದ್ದನ್ನು ಕಂಡಳು.

ಅಣ್ಣ ಕೆಳಗಿನಿಂದ ಓಡಿ ಬಂದ. ಕೈಯಲ್ಲಿ ನೀರು ಚಿಮುಕಿಸುವ ಬಾಟಲಿ ಹಾಗೇ ಇತ್ತು.

"ಏನಾಯ್ತು?"

"ಏನಿಲ್ಲ, ಅತ್ತೆಗೆ ಸಿಕ್ಕಿಕೊಂಡಿತ್ತು. ನಿಮ್ಮ ತಂಗಿ ತೆಗೆದ್ಲು," ಎಂದಳು ಅತ್ತಿಗೆ. ಆಮೇಲೆ ಅವಳ ಕಡೆ ತಿರುಗಿ, "ಅಬ್ಬ, ಏನು ಚುರುಕು ಕೈ ನಿಂದು," ಎಂದಳು.

ಅಣ್ಣ ಮಂಚದ ಅಂಚಿಗೆ ಕುಸಿದು, ಅಮ್ಮನ ಪಾದ ಒತ್ತುತ್ತಾ, "ಇವಳು ಇವತ್ತು ಇದ್ದದ್ದೇ ನಮ್ಮ ಪುಣ್ಯ. ನಾವಾಗಿದ್ರೆ ಬಾಯಿ ಬಿಟ್ಕೊಂಡು ನಿಂತಿರ್ತಿದ್ವಿ," ಎಂದ. ಸ್ವಲ್ಪ ಹೊತ್ತಿಗೆ ಅವನ ಮುಖಕ್ಕೆ ಬೆಳಕು ಬಂತು. "ನೋಡು, ಇದನ್ನೇ ಹೇಳು ಅಲ್ಲಿ. ಬೇರೆ ಏನೂ ಹೇಳ್ಬೇಡ. ಹೆತ್ತ ತಾಯಿನ ಉಳಿಸಿ ಬಂದಿದೀನಿ ಅನ್ನು. ಸೀಟು ಕೈಗಿಟ್ಟು ಕಳಿಸ್ತಾರೆ."

ಅವಳು ನೆಲ ಒರೆಸಿದಳು. ಹೇಳಬೇಕಾದ ಮಾತು ಗಂಟಲಲ್ಲೇ ಇತ್ತು. ಅಮ್ಮನನ್ನು ಮಲಗಿಸಬೇಡಿ, ದಿಂಬು ಒರಗಿಸಿ ಕೂರಿಸಿ. ಮೈ ಬಿಸಿಯಾಗುತ್ತದೆಯೇ ನೋಡುತ್ತಿರಿ. ಉಸಿರು ಜೋರಾದರೆ ತಡ ಮಾಡಬೇಡಿ. ಇಷ್ಟೇ. ದಿನಾ ಹತ್ತು ಜನಕ್ಕೆ ಹೇಳುವ ಮಾತು. ಆದರೆ ಯಾಕೆ ಎಂದು ಅಣ್ಣ ಕೇಳುತ್ತಾನೆ. ಯಾಕೆ ಎಂಬುದರ ಹಿಂದೆ ಹೇಗೆ ಎಂಬುದು ಬರುತ್ತದೆ. ಹೇಗೆ ಎಂಬುದು ನೇರ ಆ ಚಮಚದ ಹತ್ತಿರ ಹೋಗಿ ನಿಲ್ಲುತ್ತದೆ. ಬಂದು ಹೇಳಿದರಾಯಿತು ಎಂದುಕೊಂಡಳು. ಅಮ್ಮನ ಹಣೆ ಮುಟ್ಟಿದಳು, ತಣ್ಣಗಿತ್ತು. ಅಣ್ಣ ಅವಳ ಸೀರೆಯ ಸೆರಗಿಗೆ ಬಿದ್ದ ಹಾಲಿನ ಕಲೆಯನ್ನು ತಾನೇ ನೀರು ಹಾಕಿ ಉಜ್ಜಿ, ಕೆಳಗೆ ಕರೆದುಕೊಂಡು ಹೋಗಿ, ಉಟ್ಟ ಸೀರೆಯ ಸೆರಗನ್ನಷ್ಟೇ ಮೇಜಿನ ಮೇಲೆ ಹರಡಿ ಇಸ್ತ್ರಿ ಮಾಡಿದ. ಕಟ್ಟಿಹಾಕಿದ ನಾಯಿಯ ಹಾಗೆ ಅವಳು ಸೆರಗಿನ ತುದಿಯಲ್ಲಿ ನಿಂತಿದ್ದಳು. ಎದುರು ಅಂಗಡಿಯವನು ಬಂದಾಗ ಅಣ್ಣ ಆಗಲೇ ಕಥೆ ಶುರುಮಾಡಿದ್ದ: "ಉಸಿರೇ ನಿಂತೋಗಿತ್ತು ಸಾರ್."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬೆಳಗಿನ ಬೀದಿ ಗಾಜಿನಾಚೆ ಯಾರದೋ ಕನಸಿನ ಹಾಗೆ ಸರಿಯುತ್ತಿತ್ತು: ಬಾಗಿಲು ಎತ್ತುತ್ತಿರುವ ಔಷಧಿ ಅಂಗಡಿ, ಪುಟ್ಟ ಕನ್ನಡಿಯ ಮುಂದೆ ತನ್ನ ಗಡ್ಡವನ್ನೇ ಕತ್ತರಿಸಿಕೊಳ್ಳುತ್ತಿರುವ ಕ್ಷೌರಿಕ, ಒಂದೇ ಛತ್ರಿಯ ಕೆಳಗೆ ಜಗಳವಾಡಿಕೊಂಡು ಹೋಗುತ್ತಿರುವ ಗಂಡ ಹೆಂಡತಿ. ಅಂದೂ ಹೀಗೇ ಬಸ್ಸಿನಲ್ಲಿ ಕೂತು ಬಂದಿದ್ದಳು, ಅಮ್ಮನಿಗೆ ಲಕ್ವ ಹೊಡೆದ ದಿನ. ದಾರಿಯುದ್ದಕ್ಕೂ ಫೋನಿನಲ್ಲೇ ಎಲ್ಲ ನಡೆಸಿದ್ದಳು: ಆಂಬುಲೆನ್ಸ್ ಇದೇ, ಆಸ್ಪತ್ರೆ ಇದೇ, ಸ್ಕ್ಯಾನು ಮೊದಲು, ರಕ್ತದ ಗಂಟು ಕರಗಿಸುವ ಇಂಜೆಕ್ಷನ್ ಇದೆಯೇ ಕೇಳಿ. ಬಂದಿಳಿದವಳೇ ಡಾಕ್ಟರರ ಜೊತೆ ಅವರ ಭಾಷೆಯಲ್ಲಿ ಮಾತಾಡಿದಳು. ಮಗಳನ್ನು ಓದಿಸಿದ್ದಕ್ಕೂ ಸಾರ್ಥಕವಾಯಿತು ಎಂದು ನೆಂಟರು ಕಣ್ಣೊರೆಸಿಕೊಂಡರು. ಅಮ್ಮ ಬದುಕಿದಳು. ಬದುಕಿ ವಾರ್ಡಿಗೆ ಬಂದಳು. ಕೈಕಾಲಿಗೆ ವ್ಯಾಯಾಮ ಹೇಗೆ ಮಾಡಿಸಬೇಕು, ಹೇಗೆ ಹೊರಳಿಸಬೇಕು, ಹೇಗೆ ತಿನ್ನಿಸಬೇಕು ಎಂದು ನರ್ಸು ಹೇಳಿಕೊಡಲು ಬಂದ ಹೊತ್ತಿಗೆ ಇವಳಿಗೆ ಡ್ಯೂಟಿ ನೆನಪಾಯಿತು. ಅತ್ತಿಗೆ ಕಲಿತಳು. ಅಂದಿನಿಂದ ಫೋನಿನಲ್ಲಿ ಇವಳು ಔಷಧಿ ಬದಲಿಸುತ್ತಾಳೆ, ಅತ್ತಿಗೆ ಚಾದರ ಬದಲಿಸುತ್ತಾಳೆ. ಒಮ್ಮೆ ಏನೋ ಮಾತಿಗೆ ಅತ್ತಿಗೆ ನಗುತ್ತಲೇ ಅಂದಿದ್ದಳು: "ಬೆಂಕಿ ಬಿದ್ರೆ ಓಡಿ ಬರೋಳು ನೀನು. ಒಲೆ ಹಚ್ಚೋಕೆ ನಾವಿದೀವಿ ಬಿಡು." ಆ ನಗು ನಿಜವಾದದ್ದೇ. ಅದೇ ಅವಳನ್ನು ಹೆಚ್ಚು ಚುಚ್ಚಿತ್ತು.

ಸಂದರ್ಶನದ ಕೋಣೆಯ ಹೊರಗೆ ಉದ್ದನೆಯ ಬೆಂಚು. ನೆಲ ಈಗಷ್ಟೇ ಒರೆಸಿದ್ದರಿಂದ ಕೂತವರ ನೆರಳು ತಲೆಕೆಳಗಾಗಿ ತೇಲುತ್ತಿತ್ತು. ಪಕ್ಕದಲ್ಲಿ ಗಡ್ಡದ ಡಾಕ್ಟರೊಬ್ಬ ಬಿಸ್ಕತ್ತು ತಿನ್ನುತ್ತಿದ್ದ. ಅವಳತ್ತ ಪೊಟ್ಟಣ ಚಾಚಿದ.

"ತಗೊಳ್ಳಿ. ಹೊಟ್ಟೆ ತುಂಬಿದ್ರೆ ನಾಲಿಗೆ ಓಡುತ್ತೆ. ಒಳಗೆ ಆಮೇಲಮ್ಮ ಇದಾರಂತೆ."

"ಯಾರು?"

"ಇಲ್ಲಿ ಎಮರ್ಜೆನ್ಸಿಗೆ ಮುಖ್ಯಸ್ಥೆ. ಏನು ಹೇಳಿದ್ರೂ 'ಆಮೇಲೆ?' ಅಂತಾರೆ. ನನ್ನ ಸ್ನೇಹಿತನೊಬ್ಬ ಹೋದ ವರ್ಷ ಪೇಷೆಂಟ್ ಸತ್ತೋದ ಮೇಡಂ ಅಂದ. ಅದಕ್ಕೂ ಆಮೇಲೆ ಅಂದ್ರಂತೆ."

"ಆಮೇಲೆ?" ಎಂದಳು ಅವಳು. ಇಬ್ಬರೂ ನಕ್ಕರು. ನಗು ಬೇಗ ಮುಗಿಯಿತು.

ಒಳಗೆ ಮೂವರಿದ್ದರು. ನಿದ್ದೆಗಣ್ಣಿನ ಹಿರಿಯರೊಬ್ಬರು, ಫೋನು ತೀಡುತ್ತಿದ್ದ ಕಿರಿಯರೊಬ್ಬರು, ನಡುವೆ ಕುರ್ಚಿಯಲ್ಲಿ ಅರ್ಧ ಮುಳುಗಿದ ಸಣ್ಣ ಹೆಂಗಸು. ತರಕಾರಿ ಕೊಳ್ಳುವಾಗ ತಿರುವಿ ನೋಡುವ ಗೃಹಿಣಿಯ ಕಣ್ಣು ಆಕೆಯದು. ವಿಷ ಕುಡಿದವರಿಗೆ ಏನು ಮಾಡುತ್ತೀರಿ, ಒಟ್ಟಿಗೆ ನಾಲ್ವರು ಬಂದರೆ ಯಾರನ್ನು ಮೊದಲು ನೋಡುತ್ತೀರಿ, ಹೀಗೆ ಒಂದಷ್ಟು ಕೇಳಿದರು, ಸರಾಗವಾಗಿ ಹೇಳಿದಳು. ಆಮೇಲೆ ಕಿರಿಯರು ತಲೆಯೆತ್ತದೆ, "ಯಾಕೆ ಎಮರ್ಜೆನ್ಸಿ?" ಎಂದರು.

ಬಾಯಿಪಾಠದ ಉತ್ತರ ಸಕ್ಕರೆಯ ಹಾಗೆ ಕರಗಿತು. ಕರಗಿದ ಜಾಗದಲ್ಲಿ ಅಣ್ಣನ ದನಿ ಕೇಳಿಸಿತು, ಇದನ್ನೇ ಹೇಳು. ಅವಳು ಹೇಳತೊಡಗಿದಳು. ಇವತ್ತು ಬೆಳಿಗ್ಗೆ ನಮ್ಮ ಮನೆಯಲ್ಲಿ, ಎಂದು ಶುರುಮಾಡಿದ ಕೂಡಲೇ ನಿದ್ದೆಗಣ್ಣು ತೆರೆಯಿತು, ಫೋನು ಮೇಜಿನ ಮೇಲೆ ಬೋರಲಾಯಿತು. ಅವಳ ಕೈಗಳು ತಾವಾಗಿ ಎದ್ದು ಗಾಳಿಯಲ್ಲಿ ಅಮ್ಮನನ್ನು ಬಾಗಿಸಿದವು. ಕಥೆಯೊಳಗೆ ಅವಳು ಬಾಗಿಲಿಂದ ಓಡಿ ಬಂದಳು. ಚಮಚ ಯಾರ ಕೈಯಲ್ಲೂ ಇರಲಿಲ್ಲ, ಬ್ರೆಡ್ಡು ತಾನಾಗಿ ಗಂಟಲಿಗೆ ಹೋಗಿತ್ತು. ಇದು ಸುಳ್ಳಲ್ಲ, ಒಂದು ಮಾತು ಬಿಟ್ಟಿದ್ದೇನೆ ಅಷ್ಟೇ ಎಂದು ಹೇಳುವಾಗಲೇ ಅಂದುಕೊಂಡಳು. ಬಿಟ್ಟ ಮಾತಿನ ಜಾಗ ಬಿದ್ದ ಹಲ್ಲಿನ ಜಾಗದ ಹಾಗೆ, ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು.

"ವೆರಿ ಗುಡ್," ಎಂದರು ಹಿರಿಯರು.

"ಆಮೇಲೆ?" ಎಂದರು ನಡುವಿನವರು.

"ಆಮೇಲೆ ಉಸಿರು ಸರಿಹೋಯ್ತು ಮೇಡಂ."

"ಆಮೇಲೆ?"

"ಮುಖಕ್ಕೆ ಬಣ್ಣ ಬಂತು. ಅತ್ತರು."

"ಅದು ಸರಿ. ಆಮೇಲೆ?"

"ಆಮೇಲೆ... ನಾನಿಲ್ಲಿಗೆ ಬಂದೆ."

"ಈಗ ಅವರ ಜೊತೆ ಯಾರಿದಾರೆ?"

"ಅತ್ತಿಗೆ."

"ಅವರಿಗೆ ಏನು ಹೇಳಿ ಬಂದ್ರಿ?"

ಆಕೆ ಗದರಲಿಲ್ಲ, ಪಕ್ಕದ ಮನೆಯವರು ವಿಚಾರಿಸುವ ಹಾಗೆ ಕೇಳಿದರು. "ಹೊರಗೆ ಬಂದದ್ದು ನಿಮ್ಮ ಕೈಗೆ ಸಿಕ್ತು ಡಾಕ್ಟ್ರೆ. ಗಂಟಲು ದಾಟಿ ಒಳಗೆ ಹೋದದ್ದು?"

ಅದಕ್ಕೆ ಉತ್ತರ ಅವಳಿಗೆ ಗೊತ್ತಿತ್ತು, ಯಾವ ವಿದ್ಯಾರ್ಥಿಗೂ ಗೊತ್ತಿರುತ್ತದೆ. ಶ್ವಾಸಕೋಶಕ್ಕೆ ಇಳಿದದ್ದು ಸುಮ್ಮನಿರುವುದಿಲ್ಲ; ಸಂಜೆಯೊಳಗೆ ಜ್ವರ, ಏದುಸಿರು. ಆದರೆ ಆ ಕ್ಷಣ ಅವಳ ಕಣ್ಣ ಮುಂದೆ ಬಂದದ್ದು ಒಂದು ಹಣ್ಣಿನ ಅಂಗಡಿ. ಅಲ್ಲಿ, ಅವಳು ಕೆಲಸ ಮಾಡುವ ಊರಿನಲ್ಲಿ, ಒಂದು ದಿನ ಹೆಂಗಸೊಬ್ಬಳು ಅವಳ ಕೈಹಿಡಿದು ಅತ್ತಿದ್ದಳು. "ನನ್ನ ಗಂಡನ್ನ ನೀವೇ ಅಲ್ವಾ ನೋಡಿದ್ದು," ಎಂದಿದ್ದಳು. ಮುಖ ನೆನಪಾಯಿತು, ಗಂಡನ ಎದೆ ನೆನಪಾಯಿತು, ಅವನನ್ನು ಮೇಲಿನ ವಾರ್ಡಿಗೆ ಸಾಗಿಸಿದ್ದು ನೆನಪಾಯಿತು. ಮುಂದಿನದು ಗೊತ್ತಿರಲಿಲ್ಲ. ಬದುಕಿದನೋ ಸತ್ತನೋ. ಇದು ಕೃತಜ್ಞತೆಯ ಅಳುವೋ ಶಾಪದ ಅಳುವೋ. ಯಾವುದಕ್ಕೂ ಒಪ್ಪುವಂಥ, ಅತ್ತ ನಗುವೂ ಅಲ್ಲದ ಇತ್ತ ದುಃಖವೂ ಅಲ್ಲದ ಒಂದು ಮುಖವನ್ನು ಮಾಡಿಕೊಂಡು ಅವಳು ಅಂಗಡಿಯ ಹಣ್ಣುಗಳ ನಡುವೆ ನಿಂತಿದ್ದಳು. ಆ ಹೆಂಗಸು ಅಳು ನಿಲ್ಲಿಸಿ, ಆ ಮುಖವನ್ನೇ ನೋಡಿ, ಮೆಲ್ಲಗೆ ಕೈಬಿಟ್ಟು ಹೋದಳು. ಈಗಲೂ ಮೂವರ ಮುಂದೆ ಅದೇ ಮುಖ ತನ್ನ ಮೇಲೆ ಬಂದು ಕೂತಿದೆ ಎಂದು ಅವಳಿಗೆ ತಿಳಿಯಿತು.

"ಮೇಡಂ, ನಾನೊಂದು ಫೋನ್ ಮಾಡ್ಬೇಕು."

"ಮಾಡಿ."

"ಸಂದರ್ಶನ..."

"ನಮ್ಮದು ಮುಗೀತು," ಎಂದರು ಆಕೆ. ಯಾವ ಅರ್ಥದಲ್ಲಿ ಎಂದು ಹೇಳಲಿಲ್ಲ.

ಅತ್ತಿಗೆ ಮೂರನೆಯ ಸಲಕ್ಕೆ ಫೋನೆತ್ತಿದಳು. "ಮಲಗಿದಾರೆ. ಬೆಳಿಗ್ಗೆ ಸುಸ್ತಾಗಿತ್ತಲ್ಲ, ನಿದ್ದೆ ಮಾಡ್ಲಿ ಅಂತ ಬಿಟ್ಟಿದೀನಿ. ಮೈ ಸ್ವಲ್ಪ ಬೆಚ್ಚಗಿದೆ."

"ಉಸಿರು?"

"ತಡಿ." ಮೆಟ್ಟಿಲು ಹತ್ತುವ ಸದ್ದು, ಬಾಗಿಲಿನ ಸದ್ದು, ಆಮೇಲೆ ಅತ್ತಿಗೆಯ ದನಿಯಲ್ಲಿ ನಗು ಇರಲಿಲ್ಲ. "ಓಡಿ ಬಂದೋರ ಹಾಗೆ ಬಿಡ್ತಿದಾರೆ ಕಣೇ."

"ಎಬ್ಬಿಸಿ ಕೂರಿಸಿ. ಬಾಯಿಗೆ ನೀರು ಕೂಡ ಹಾಕ್ಬೇಡಿ. ಇಲ್ಲಿಗೇ ಕರ್ಕೊಂಡು ಬನ್ನಿ ಅತ್ತಿಗೆ, ಈಗಲೇ."

ಕಾಯುವಾಗ ಅವಳು ತುರ್ತು ವಿಭಾಗದ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಅವಳ ಲೋಕ ಅವಳಿಲ್ಲದೆ ನಡೆಯುತ್ತಿತ್ತು: ಪರದೆ ಸರಿಯುವ ಸದ್ದು, ಟ್ರಾಲಿಯ ಗಾಲಿ, ಯಾರೋ ಯಾರನ್ನೋ ಎಚ್ಚರಿಸಲು ಹೆಸರು ಹಿಡಿದು ಕೂಗುವುದು. ಕಾರು ಬಂತು. ಅಣ್ಣ ಅಮ್ಮನನ್ನು ಎತ್ತಿಕೊಂಡು ಇಳಿದ. ಇಸ್ತ್ರಿಯಾದ ಬಟ್ಟೆ ಹಿಡಿಯುವ ಹಾಗೆಯೇ, ಎರಡೂ ಕೈ ಚಾಚಿ, ಮುದುರದಂತೆ. ಟ್ರಾಲಿಯ ಮೇಲೆ ಮಲಗಿಸಿ ಅವನು ಬಾಡಿಗೆ ಕೊಡಲು ಓಡಿದ. ಡ್ಯೂಟಿ ಡಾಕ್ಟರು ಅವಳಿಗಿಂತ ಚಿಕ್ಕವನು. ಬೆರಳಿಗೆ ಕ್ಲಿಪ್ಪು ಹಾಕಿ, ಆಮ್ಲಜನಕ ಹಚ್ಚಿಸಿ, ಎದೆಗೆ ಸ್ಟೆತಸ್ಕೋಪ್ ಇಟ್ಟು, "ಹೇಗಾಯ್ತು?" ಎಂದ.

"ಊಟ ಮಾಡುವಾಗ ಕೆಮ್ಮು..." ಎಂದು ಶುರುಮಾಡಿದಳು. ಪಕ್ಕದಲ್ಲಿ ಅತ್ತಿಗೆ ಸುಮ್ಮನೆ ನಿಂತಿದ್ದಳು. ಟ್ರಾಲಿಯ ಮೇಲೆ ಅಮ್ಮನ ಬಲಗಣ್ಣು ಸೂರಿನ ದೀಪಗಳನ್ನು ಒಂದೊಂದಾಗಿ ನೋಡುತ್ತಿತ್ತು. "ಇಲ್ಲ. ನಾನು ತಿನ್ನಿಸ್ತಿದ್ದೆ. ಬಾಯಲ್ಲಿದ್ದದ್ದು ಇಳಿಯೋಕೆ ಮುಂಚೆ ಇನ್ನೊಂದು ಚಮಚ ಹಾಕ್ದೆ. ಗೊತ್ತಾಗಿಯೂ ಹಾಕ್ದೆ. ಅವಸರದಲ್ಲಿದ್ದೆ."

ಹುಡುಗ ತಲೆಯೆತ್ತದೆ ಬರೆದುಕೊಂಡ. ಅವಳು ಬೆಳಗಿನಿಂದ ಹೊತ್ತದ್ದು ಅವನ ಕಾಗದದ ಮೇಲೆ ಅರ್ಧ ಸಾಲು. ಅವಳೂ ಹಾಗೇ ಬರೆಯುತ್ತಿದ್ದಳು, ಎಷ್ಟೋ ಜನರ ಅರ್ಧ ಸಾಲುಗಳನ್ನು. "ಸರಿ, ಹೊರಗೆ ಕೂತಿರಿ," ಎಂದ. ನಾನೂ ಡಾಕ್ಟರು ಎಂಬ ಮಾತು ನಾಲಿಗೆಯ ತುದಿಗೆ ಬಂದು ಹಿಂದೆ ಹೋಯಿತು. ಹೊರಗೆ ಹೋಗಿ ಕೂತಳು.

ಅತ್ತಿಗೆ ಪಕ್ಕದಲ್ಲಿ ಕೂತು ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡಳು. ಅಣ್ಣ ಬಾಡಿಗೆ ಕೊಟ್ಟು ಬಂದು, ಆಚೆ ಕಂಬದ ಬಳಿ ಯಾರೋ ಅಪರಿಚಿತನಿಗೆ, ನನ್ನ ತಂಗಿಯೇ ಇಲ್ಲದಿದ್ದರೆ ಎಂದು ಹೇಳುತ್ತಿದ್ದ.

"ಅತ್ತಿಗೆ."

"ನೋಡಿದ್ದೆ ಕಣೇ."

"ಏನನ್ನ?"

"ಚಾದರದ ಗಂಟು ಕಟ್ಟೋಕೆ ದಾರ ಬೇಕಿತ್ತು, ಮೇಲೆ ಬಂದೆ. ನೀನು ಗಡಿಯಾರ ನೋಡ್ತಿದ್ದೆ. ಚಮಚ ಅದರ ಪಾಡಿಗೆ ಅದು ಹೋಗ್ತಿತ್ತು. ಕೂಗೋಣ ಅನ್ನೋಷ್ಟರಲ್ಲಿ ಆಗೋಯ್ತು."

"ಮತ್ತೆ ಹೊಗಳಿದ್ರಿ."

"ಚುರುಕು ಕೈ ಅಂದೆ. ಸುಳ್ಳಾ ಅದು? ಅಂಥ ಕೆಲಸಕ್ಕೆ ಹೊರಟೋಳನ್ನ ಬೈದು ಕಳಿಸ್ತಾರಾ ಯಾರಾದ್ರೂ. ಬೈಯೋಕೆ ಸಾಯಂಕಾಲ ಇದೆಯಲ್ಲ ಅಂದ್ಕೊಂಡೆ."

"ಈಗ ಬೈಯಿರಿ."

"ಈಗ ಆಗಲ್ಲ, ಹಸಿವಾಗ್ತಿದೆ." ಅತ್ತಿಗೆ ಕಂಬದ ಕಡೆ ನೋಡಿದಳು. "ನಿಮ್ಮಣ್ಣನಿಗೆ ಮಾತ್ರ ಹೇಳ್ಬೇಡ, ಇವತ್ತು ಬೇಡ. ಪಾಪ, ಅವರ ಕೈಲಿ ಇವತ್ತು ಆ ಒಂದು ಕಥೆ ಬಿಟ್ರೆ ಏನೂ ಇಲ್ಲ."

ಎಕ್ಸ್‌ರೇ ಬಂತು. ಬಲಗಡೆಯ ಕೆಳಭಾಗದಲ್ಲಿ ಮಂಜು ಕವಿದಂತೆ ಬೆಳ್ಳಗಿತ್ತು, ಅವಳು ಅಂದುಕೊಂಡದ್ದೇ. ಬೇಗ ತಂದಿರಿ, ಒಳ್ಳೆಯದಾಯಿತು, ಆದರೂ ಕೆಲವು ದಿನ ನೋಡಬೇಕು, ಈ ವಯಸ್ಸಿಗೆ ಏನೂ ಹೇಳಲಾಗದು ಎಂದ ಹುಡುಗ. ಅಮ್ಮನನ್ನು ಮೇಲಿನ ವಾರ್ಡಿಗೆ ಸಾಗಿಸಿದರು. ಹಾಸಿಗೆಗೆ ಹಾಕಿದ ಮೇಲೆ ನರ್ಸು, "ಜೊತೆಗೆ ಯಾರಿರ್ತೀರಿ?" ಎಂದು ಕೇಳಿದಳು. ಅಣ್ಣನ ಕಣ್ಣು ಅಭ್ಯಾಸದಂತೆ ಹೆಂಡತಿಯ ಕಡೆ ಹೋಯಿತು. ಅತ್ತಿಗೆ ಆಗಲೇ ಕೈಚೀಲದಿಂದ ಹೊದಿಕೆ ತೆಗೆಯುತ್ತಿದ್ದಳು. ಮನೆಯಿಂದ ಹೊರಡುವಾಗಲೇ ಉಳಿಯುವ ಸಿದ್ಧತೆಯಲ್ಲಿ ಬಂದಿದ್ದಳು.

"ನಾನಿರ್ತೀನಿ," ಎಂದಳು ಅವಳು.

ನಾಳೆ ಬಾ ಎನ್ನುವ ದರ್ಜಿಯನ್ನು ನೋಡುವ ಹಾಗೆ ಅತ್ತಿಗೆ ಅವಳನ್ನು ನೋಡಿದಳು. "ಎಷ್ಟು ಹೊತ್ತು?"

"ಗೊತ್ತಿಲ್ಲ."

ಅತ್ತಿಗೆ ಹೊದಿಕೆಯನ್ನು ಅವಳ ಕೈಗಿಟ್ಟಳು. "ಎರಡು ಗಂಟೆಗೊಂದು ಸಲ ಮಗ್ಗುಲು ಬದಲಾಯಿಸ್ಬೇಕು," ಎಂದು, ಹೊರಟು, ಮತ್ತೆ ತಿರುಗಿ, "ಡಾಕ್ಟ್ರಿಗೆ ಗೊತ್ತಿರುತ್ತೆ ಬಿಡು," ಎಂದಳು.

ವಾರ್ಡಿನಲ್ಲಿ ಏನೂ ಆಗುತ್ತಿರಲಿಲ್ಲ. ಅದು ಅವಳಿಗೆ ಹೊಸದು. ಒಂದು ಹಾಸಿಗೆಯ ಪಕ್ಕ ಮುದುಕನೊಬ್ಬ ಕಿತ್ತಳೆ ಸುಲಿದು ಎಳೆಯನ್ನೂ ಬಿಡಿಸಿ ಹೆಂಡತಿಗೆ ಕೊಡುತ್ತಿದ್ದ. ಆಕೆ ತಿಂದ ಒಂದೊಂದಕ್ಕೂ ಅವನು ತಾನೇ ಗೆದ್ದವನ ಹಾಗೆ ಸುತ್ತ ನೋಡುತ್ತಿದ್ದ. ಸಲೈನಿನ ಹನಿ ಕೂಡುತ್ತಿತ್ತು, ತೂಗುತ್ತಿತ್ತು, ಬೀಳುತ್ತಿತ್ತು. ಕಿಟಕಿಯ ಬಿಸಿಲು ಒಂದು ಮಂಚದಿಂದ ಇನ್ನೊಂದಕ್ಕೆ, ರೋಗಿಗಳನ್ನು ನೋಡಿಕೊಂಡು ಹೋಗುವ ಹಾಗೆ ನಿಧಾನವಾಗಿ ಸರಿಯಿತು. ತನ್ನ ಕೈಯಿಂದ ದಾಟಿದವರೆಲ್ಲ ಇಂಥ ಕಡೆಗೇ ಬಂದಿರಬೇಕು ಎಂದುಕೊಂಡಳು. ಎದೆ ಹಿಡಿದುಕೊಂಡು ಬಂದವರು, ಗಾಜು ಹೊಕ್ಕವರು, ನೀರಿನಿಂದ ತೆಗೆದವರು. ಅವರೆಲ್ಲ ಇಲ್ಲಿ ಬೆಳಕು ಸರಿಯುವುದನ್ನು ನೋಡುತ್ತಾ ಮಲಗಿದ್ದಾಗ ಅವಳು ಕೆಳಗೆ ಕೈತೊಳೆದುಕೊಂಡು ಮುಂದಿನ ಗಾಡಿಯ ಸೈರನ್ನಿಗೆ ಕಿವಿಗೊಟ್ಟಿದ್ದಳು. ಅಮ್ಮನ ಬೆನ್ನಿನ ಕೆಳಗೆ ಕೈಹಾಕಿ ಮಗ್ಗುಲು ಬದಲಾಯಿಸಲು ಹೋದಳು; ಕೊಳವೆ ಸಿಕ್ಕಿ, ದಿಂಬು ಜಾರಿ, ಅಮ್ಮ ನರಳಿದಳು. ಪಕ್ಕದ ಮುದುಕ ಎದ್ದು ಬಂದು ಚಾದರದ ಇನ್ನೊಂದು ತುದಿ ಹಿಡಿದ.

ಸಂಜೆಯ ಮಬ್ಬು ಇಳಿಯುವ ಹೊತ್ತಿಗೆ ಆ ಸಣ್ಣ ಹೆಂಗಸು ಬಾಗಿಲಲ್ಲಿ ಕಂಡರು. ಕೋಟು ತೆಗೆದು ತೋಳಿಗೆ ಹಾಕಿಕೊಂಡಿದ್ದರು, ಮನೆಗೆ ಹೊರಟವರಂತೆ. ಒಂದು ಮಂಚದ ಬಳಿ ನಿಂತು, ಇನ್ನೊಂದನ್ನು ದಾಟಿ, ಇವಳ ಹತ್ತಿರ ಬಂದರು. ಇವಳು ಎದ್ದು ನಿಂತಳು.

"ಕೂತ್ಕೊಳ್ಳಿ. ಇವರೇನಾ ಅಮ್ಮ?" ಅಮ್ಮನ ಉಸಿರನ್ನು ಸ್ವಲ್ಪ ಹೊತ್ತು ನೋಡಿದರು. "ಕೆಳಗಿಂದ ಮೇಲೆ ಕಳಿಸಿದೋರನ್ನ ಮನೆಗೆ ಹೋಗೋ ಮುಂಚೆ ಒಂದು ಸಲ ನೋಡಿ ಹೋಗ್ತೀನಿ. ಹಳೇ ಚಾಳಿ. ಕೆಳಗೆ ಎಲ್ಲರೂ ನನ್ನನ್ನ ಜಾಣೆ ಅಂತಾರೆ. ಎಷ್ಟು ಜಾಣೆ ಅಂತ ಗೊತ್ತಾಗೋದು ಇಲ್ಲಿ ಬಂದ್ರೇನೇ."

ಅವಳು ಕೂತು, ಅಮ್ಮನ ಹೊದಿಕೆಯ ಅಂಚನ್ನು ಸರಿಮಾಡಿದಳು.

"ನಿಮಗೆ ಸೀಟು ಕೊಡೋಕೆ ಮೂವರಲ್ಲಿ ಇಬ್ಬರು ಒಪ್ಪಿದ್ರು. ಆ ಇಬ್ಬರಲ್ಲಿ ನಾನಿಲ್ಲ."

"ಹಾಗಾದ್ರೆ..."

"ಹಾಗಾದ್ರೆ ಸಿಕ್ಕಿತು. ಎರಡು ಒಂದಕ್ಕಿಂತ ದೊಡ್ಡದಲ್ವಾ."

ವರ್ಷಗಟ್ಟಲೆ ಕಾದ ಮಾತು ಹೀಗೆ, ಮಂಚದ ಪಕ್ಕ, ಕಿತ್ತಳೆ ಸಿಪ್ಪೆಯ ವಾಸನೆಯ ನಡುವೆ ಬಂದು ನಿಂತಿತು. ಸಂತೋಷ ಆಯಿತು, ಇಲ್ಲವೆನ್ನಲಾರಳು. ಆದರೆ ಅದು ಬೇರೆ ಯಾರದೋ ಮನೆಯ ಸಂಭ್ರಮದ ಹಾಗೆ ಗೋಡೆಯಾಚೆ ಕೇಳಿಸಿತು. "ನೀವು ಯಾಕೆ ಒಪ್ಪಲಿಲ್ಲ ಮೇಡಂ?"

"ಕಥೆ ತುಂಬ ಚೆನ್ನಾಗಿ ಹೇಳಿದ್ರಿ," ಎಂದರು ಆಕೆ. "ಮನೇಲಾದದ್ದನ್ನ ಅಷ್ಟು ಚೆನ್ನಾಗಿ ಯಾರೂ ಹೇಳಲ್ಲ."

"ಅದು ಪೂರ್ತಿ ಅಲ್ಲ ಮೇಡಂ. ನಿಜವಾಗಿ ಆದದ್ದು..."

ಆಕೆ ಕೈಯೆತ್ತಿ ತಡೆದರು. "ನನಗೆ ಬೇಡ. ನನಗೇನೂ ಆಗಿಲ್ಲ." ಗಲ್ಲದಿಂದ ಮಂಚದ ಕಡೆ ತೋರಿಸಿ, ಕೋಟನ್ನು ಇನ್ನೊಂದು ತೋಳಿಗೆ ಬದಲಾಯಿಸಿಕೊಂಡು, ಮುಂದಿನ ಹಾಸಿಗೆಗೆ ಹೋದರು. ಇವಳಿಗೆ ಇನ್ನು ಮೂರು ವರ್ಷ ಈ ಹೆಂಗಸಿನ ಕೈಕೆಳಗೆ ಕೆಲಸ.

ಅಣ್ಣನಿಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಇಡೀ ದಿನದಲ್ಲಿ ಅಮ್ಮನಿಗೆ ತಾನು ಹೇಳಿದ್ದು ಬಾಯಿ ತೆಗಿ ಎಂಬುದೊಂದೇ ಎಂದು ಅವಳಿಗೆ ಹೊಳೆಯಿತು. ಅಣ್ಣನ ಮುಂದೆ, ಮೂವರ ಮುಂದೆ, ಹುಡುಗನ ಮುಂದೆ, ಅತ್ತಿಗೆಯ ಮುಂದೆ ಅಮ್ಮನ ಗಂಟಲಿನ ಬಗ್ಗೆ ಮಾತಾಡಿದ್ದಳು. ಗಂಟಲು ಯಾರದೋ ಅವರನ್ನು ಬಿಟ್ಟು. ಸ್ಟೂಲನ್ನು ಹತ್ತಿರ ಎಳೆದುಕೊಂಡಳು. "ಅಮ್ಮ," ಎಂದಳು. "ಅಮ್ಮ, ಬೆಳಿಗ್ಗೆ ನಾನು..."

ಅಮ್ಮನ ಬಲಗಣ್ಣು ತೆರೆಯಿತು. ಮಾಸ್ಕಿನೊಳಗೆ ತುಟಿ ಆಡಿತು, ಪ್ಲಾಸ್ಟಿಕ್ಕಿನ ಮೇಲೆ ಮಂಜು ಕಟ್ಟಿತು. ಏನಮ್ಮ ಎಂದು ಬಗ್ಗಿದಳು. ಲಕ್ವ ಹೊಡೆದ ಮೇಲೆ ಅಮ್ಮನ ಮಾತು ಒಂದೊಂದೇ ಪದ, ಅದೂ ಬಾವಿಯಿಂದ ಸೇದಿದ ಹಾಗೆ. ಬಲು ಹೊತ್ತು ಸೇದಿದಳು. ಕೊನೆಗೆ ಮೇಲೆ ಬಂತು.

"ಸಿಕ್ತಾ?"

ಅವಳು ಹೌದೆಂದು ತಲೆಯಾಡಿಸಿದಳು. ಅಮ್ಮನ ಬಲಗೈ ಎದ್ದು, ದಾರಿ ಹುಡುಕಿ, ಅವಳ ಕೆನ್ನೆಗೆ ಒಮ್ಮೆ ತಗುಲಿ ಹಾಸಿಗೆಗೆ ಬಿತ್ತು. ಕಣ್ಣು ಮುಚ್ಚಿತು. ಹೇಳಬೇಕಾದದ್ದನ್ನು ಹೇಳುವಷ್ಟರಲ್ಲಿ ಅಮ್ಮ ನಿದ್ದೆಹೋಗಿದ್ದಳು. ಎಬ್ಬಿಸಿ ಹೇಳಬಹುದಿತ್ತು. ಎಬ್ಬಿಸಲಿಲ್ಲ. ಎದ್ದ ಮೇಲೆ ಹೇಳಬೇಕು; ಯಾವಾಗ ಏಳುತ್ತಾಳೋ ಆಗ. ಚಪ್ಪಲಿ ಬಿಟ್ಟು, ಕಾಲನ್ನು ಸ್ಟೂಲಿನ ಮೇಲೆ ಮಡಚಿಕೊಂಡು, ಅತ್ತಿಗೆ ಕೊಟ್ಟ ಹೊದಿಕೆಯನ್ನು ಹೆಗಲಿಗೆ ಎಳೆದುಕೊಂಡಳು. ಅಭ್ಯಾಸಬಲದಿಂದ ಅಮ್ಮನ ಉಸಿರನ್ನು ಎಣಿಸತೊಡಗಿದಳು. ಸ್ವಲ್ಪ ಹೊತ್ತಿಗೆ ಲೆಕ್ಕ ತಪ್ಪಿತು, ಮತ್ತೆ ಮೊದಲಿನಿಂದ ಎಣಿಸಲಿಲ್ಲ, ಸುಮ್ಮನೆ ನೋಡುತ್ತಾ ಕೂತಳು.